ಗಾಡ್ವಿನ್ನನ ಎಡೆ

ಎಡೆಯಿಟ್ಟ ಕೋಣೆಯ ಬಾಗಿಲು ತೆರೆದ, ಊರಿಗೆಲ್ಲ ಅತ್ತೆಯಾದ ಯೂಲಾ ಟ್ಯಾಂಟಿ ಮೊದಲು ನಕ್ಕಳು, ಆಮೇಲೆ ಅತ್ತಳು. ತಟ್ಟೆ ಖಾಲಿಯಾಗಿತ್ತು.

"ಬಂದಿದ್ದ ನನ್ ಮಗ! ಗಾಡ್ವಿನ್ ಬಂದು ಉಂಡ್ಕೊಂಡು ಹೋಗಿದಾನೆ ಕಣ್ರೋ!"

ರಾತ್ರಿಯಿಡೀ ಅಂಗಳದಲ್ಲಿ ಡ್ರಮ್ ಬಡಿದು ಅಲ್ಲೇ ಒರಗಿದ್ದವರೆಲ್ಲ ಎದ್ದು ಓಡಿಬಂದರು. ನಾನೂ ಓಡಿದೆ. ಗಾಡ್ವಿನ್ ಸತ್ತು ವರ್ಷಗಳಾಗಿವೆ. ಮೀನಿಗೆ ಹೋದ ದೋಣಿ ಮಗುಚಿತ್ತು. ಇವತ್ತು ಅವನ ಗೋರಿಗೆ ಕಲ್ಲು ನಿಲ್ಲಿಸುವ ದಿನ. ನಮ್ಮ ಕ್ಯಾರಿಯಾಕೂ ದ್ವೀಪದಲ್ಲಿ ಕಲ್ಲು ನಿಲ್ಲದವರೆಗೆ ಸತ್ತವನು ಪೂರ್ತಿ ಸತ್ತಂತಲ್ಲ. ಹಿಂದಿನ ರಾತ್ರಿ ಅವನಿಗೆ ಎಡೆ ಇಟ್ಟು, ಹಿಂಬಾಗಿಲಿಗೆ ಚಿಲಕ ಹಾಕದೆ ಬಿಡುತ್ತೇವೆ. ಎಡೆಗೆ ಉಪ್ಪು ಹಾಕುವುದಿಲ್ಲ. ಉಪ್ಪು ಇದ್ದಲ್ಲಿ ಸತ್ತವರು ಕಾಲಿಡುವುದಿಲ್ಲ.

ಅಷ್ಟರಲ್ಲಿ ಅಂಗಡಿಯ ಆಲ್ಬನ್ ಮಾವ ಬರಿಗಾಲಲ್ಲಿ ಬಂದ. ಏದುಸಿರು ಬಿಡುತ್ತಿದ್ದ.

"ಟ್ಯಾಂಟಿ, ಗೋಡೌನ್ ಬೀಗ ಒಡ್ದಿದಾರೆ. ನಿಮ್ ಅಕ್ಕಿ, ಹಿಟ್ಟು, ಎಣ್ಣೆ... ಒಂದೂ ಬಿಟ್ಟಿಲ್ಲ."

ಮಧ್ಯಾಹ್ನ ಇಡೀ ಊರಿಗೆ ಊಟ. ಅದರ ಸಾಮಾನೆಲ್ಲ ಕ್ರಿಸ್‌ಮಸ್ಸಿನಿಂದ ಆಲ್ಬನ್ ಮಾವನ ಗೋಡೌನಿನಲ್ಲೇ ಇತ್ತು. ಯಾರೋ ಹಿಂದಿನಿಂದ ಅಂದರು: "ಹಾಗಾದ್ರೆ ಎಡೆ ಉಂಡಿದ್ದೂ ಆ ಕಳ್ಳನೇ."

ಟ್ಯಾಂಟಿಯ ಮುಖದಲ್ಲಿದ್ದ ನಗು ಹೋಯಿತು. ಬೀಗ ಒಡೆದವನನ್ನು ನಾನು ಕ್ಷಮಿಸಿಯೇನು, ಆ ನಗು ಕಿತ್ತುಕೊಂಡವನನ್ನು ಇಲ್ಲ ಅಂದುಕೊಂಡೆ. ಆಗ ನನಗೆ ಏನೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಗೇಟು ತಳ್ಳಿಕೊಂಡು ಬಂದವನು ರೂಡೆಲ್. ಗಾಡ್ವಿನ್ನನ ಮಗ, ಟ್ಯಾಂಟಿಯ ಮೊಮ್ಮಗ. ಇಪ್ಪತ್ತರ ಪ್ರಾಯ. ಹಿಂದೊಮ್ಮೆ ಪಕ್ಕದ ದೋಣಿಯ ಪೆಟ್ರೋಲ್ ಕದ್ದು ಸಿಕ್ಕಿಬಿದ್ದಿದ್ದ. ಅವನ ಅಂಗಿಯ ತುಂಬ ಬೆಳ್ಳಗೆ ಮೆತ್ತಿತ್ತು.

"ಹಿಟ್ಟು!" ಅಂತ ಒಬ್ಬ ಕೂಗಿದ.

ಮುಂದಿನದು ಹೇಳುವುದಕ್ಕೇ ನಾಚಿಕೆ. ಅಂಗಳದಲ್ಲಿದ್ದ ಹಲಸಿನ ಜಾತಿಯ ದೊಡ್ಡ ಬ್ರೆಡ್‌ಫ್ರೂಟ್ ಮರಕ್ಕೆ ಹುಡುಗನನ್ನು ಕಟ್ಟಿಯೇಬಿಟ್ಟರು.

"ಎಲ್ಲಿದ್ಯೋ ರಾತ್ರಿಯೆಲ್ಲ?"

ಅವನು ಅಜ್ಜಿಯತ್ತ ನೋಡಿ ಮುಖ ತಿರುಗಿಸಿದ. ಟ್ಯಾಂಟಿ ಹತ್ತಿರ ಬಂದು ಅವನ ಮುಖ ನೋಡಿದಳು.

"ಅಪ್ಪನ ಎಡೆ ತಿಂದವ್ನು ಅಪ್ಪನ ಕಲ್ಲು ಮುಟ್ಟೋ ಹಾಗಿಲ್ಲ."

ಕಲ್ಲಿನ ಮೇಲಿನ ಬಿಳಿ ಬಟ್ಟೆ ಸರಿಸಬೇಕಾದವನು ಮಗ. ರೂಡೆಲ್ ಆ ಕ್ಷಣಕ್ಕಾಗಿ ವರ್ಷಗಟ್ಟಲೆ ಕಾದವನು. ಈಗ ಅವನು ಅತ್ತ.

* * *

ಸಾರ್ಜೆಂಟ್ ವರ್ಲಿನ್ ಕಾಲಿಸ್ಟ್‌ಳನ್ನು ಕರೆತರಲು ನಾನೇ ಠಾಣೆಯಿರುವ ಹಿಲ್ಸ್‌ಬರೋಗೆ ಹೋದೆ. ನಾನು ಬಸ್ ಓಡಿಸುವ ಲಿನ್. ಪೊಲೀಸರ ಜೀಪು ಇಟ್ಟಿಗೆಗಳ ಮೇಲೆ ಕೂತು ತಿಂಗಳುಗಳಾಗಿವೆ. ಮಯಾಮಿಯಿಂದ ಒಂದು ಬಿಡಿಭಾಗ ಬರಬೇಕು. ಬೆಲೆ ಮೂರು ಸಲ ಏರಿತು, ಭಾಗ ಬರಲಿಲ್ಲ. ಹಾಗಾಗಿ ದ್ವೀಪದ ಕಾನೂನು ಈಗ ನನ್ನ ಬಸ್ಸಿನಲ್ಲಿ ಓಡಾಡುತ್ತದೆ.

"ನಿನ್ ಬಸ್ಸಿನ ಟೈರೂ ಸವೆದಿದೆಯಲ್ಲೋ," ಅಂದಳು ಸಾರ್ಜೆಂಟ್.

"ಹೊಸದು ಕೊಡಿಸಿ ಮೇಡಂ, ಹಾಕ್ತೀನಿ. ಅಮೆರಿಕದವ್ರು ಚೀನಾದ ಮೇಲೆ ಸುಂಕ ಹಾಕಿದ್ರಂತೆ. ಅವ್ರು ಇವ್ರ ಮೇಲೆ. ನಾವ್ಯಾರ ಮೇಲೆ ಹಾಕೋಣ? ಆಡುಗಳ ಮೇಲಾ?"

ಅವಳು ನಗಲಿಲ್ಲ. "ಇಡೀ ದ್ವೀಪದಲ್ಲಿ ಅಂಗಡಿಯವ್ರೆಲ್ಲ ಬೆಲೆ ಏರಿಸಿದಾರೆ. ನಿಮ್ಮೂರಿನ ಆಲ್ಬನ್ ಒಬ್ರು ಏರಿಸಿಲ್ಲ. ಹೌದಾ?"

"ಹೌದು. ದೇವರಂಥವ್ನು. ಮುಂದಿನ ಹಡಗಿಗೆ ಸುಂಕ ಇಳಿಯುತ್ತೆ ಅಂತ ಪ್ರತಿ ಸಲ ಹೇಳ್ತಾನೆ."

"ಇಳೀತಾ?"

"ರೇಡಿಯೋದಲ್ಲಿ ಇಳೀತು. ಹಡಗಲ್ಲಿ ಇಳೀಲಿಲ್ಲ."



* * *

ಗೋಡೌನಿನ ಬಾಗಿಲಲ್ಲಿ ಒಡೆದ ಬೀಗ ನೇತಾಡುತ್ತಿತ್ತು. ಆಲ್ಬನ್ ಮಾವ ಕಾವಲು ನಿಂತಿದ್ದ. ಎತ್ತರದ ಮನುಷ್ಯ, ಈಗ ಸಡಿಲವಾದ ಪ್ಯಾಂಟಿಗೆ ಹಗ್ಗ ಬಿಗಿದಿದ್ದ. ನಮ್ಮನ್ನು ಕಂಡು ಜೇಬಿನಿಂದ ಒಂದು ಎಳೆ ಮಾವಿನಕಾಯಿ ತೆಗೆದು ನನಗೆ ಕೊಟ್ಟ. ಅದೇ ಜೇಬಿನಿಂದ ಚಿಟಿಕೆ ಕಲ್ಲುಪ್ಪೂ ಕೊಟ್ಟ.

"ಈ ಚಪಲ ಯಾವಾಗಿಂದ ಮಾವ? ಬಸುರಿ ಹೆಂಗಸಿನ ಹಾಗೆ!"

"ವಯಸ್ಸಾಯ್ತಲ್ಲೋ, ಬಾಯಿ ಕೇಳುತ್ತೆ," ಅಂದು ನಕ್ಕ.

ಸಾರ್ಜೆಂಟ್ ಒಳಗೆ ಕೂತು ನೆಲ ಸವರಿದಳು. ಬೆರಳು ಮೂಸಿದಳು. "ಇಲ್ಲೊಂದು ಬೂದು ಬೆಕ್ಕಿತ್ತಲ್ಲ, ಎಲ್ಲಿ?"

"ಅದಾ? ಬೇಕರಿ ಸೇರ್ಕೊಂಡಿದೆ," ಅಂದೆ ನಾನು. "ಬಹಳ ದಿನ ಆಯ್ತು. ಬೆಕ್ಕಿಗೇನು ನಿಯತ್ತು?"

ಸಾರ್ಜೆಂಟ್ ಮಾವನ ಕಡೆ ತಿರುಗಿದಳು. "ಚೀಲ ಎಷ್ಟು ದಿನದಿಂದ ಇಲ್ಲಿದ್ವು?"

"ಕ್ರಿಸ್‌ಮಸ್ಸಿಂದ. ಎಲ್ರೂ ನೋಡಿದಾರೆ. ಗೋಡೆವರೆಗೂ ಪೇರಿಸಿದ್ದೆ."

"ಯಾರನ್ನಾದ್ರೂ ಕಂಡ್ರಾ?"

ಮಾವ ಗಂಟಲು ಸರಿಮಾಡಿಕೊಂಡ. ಅವನ ಕಣ್ಣು ಸಮುದ್ರದ ಕಡೆ ಹೋಯಿತು.

"ರೂಡೆಲ್... ಹಿತ್ತಲಲ್ಲಿ ಕಂಡ ಹಾಗಾಯ್ತು."

"ಕಂಡ ಹಾಗಾಯ್ತೋ, ಕಂಡ್ರೋ?"

"ಕಂಡೆ."

ಅವಳು ಅದನ್ನು ಬರೆದುಕೊಂಡು ಅವನ ಸಹಿ ಹಾಕಿಸಿಕೊಂಡಳು. ಹೊರಡುವಾಗ ಅಂಗಡಿಯ ಕೌಂಟರಿನ ಕೆಳಗೆ ಬಗ್ಗಿ ಏನೋ ನೋಡಿದಳು.

* * *

ಮರದಡಿ ರೂಡೆಲ್‌ನ ಅಂಗಿಯ ಬಿಳಿಯನ್ನು ಅವಳು ಉಗುರಿನಿಂದ ಕೆರೆದಳು. ಅದು ಕಲ್ಲಿನಂತೆ ಗಟ್ಟಿಯಾಗಿ ಸಿಪ್ಪೆ ಎದ್ದಿತು.

"ಹಿಟ್ಟು ಹೀಗೆ ಗಟ್ಟಿಯಾಗಲ್ಲ. ಬಿಳಿ ಸಿಮೆಂಟು ಇದು. ಎಲ್ಲಿ ಕಲಸ್ತಿದ್ದೆ ಹೇಳು."

ರೂಡೆಲ್ ಅಜ್ಜಿಯತ್ತ ನೋಡಿ ದನಿ ತಗ್ಗಿಸಿದ. "ಅಪ್ಪನ ಗೋರಿ ಹತ್ರ. ಕಲ್ಲಿನ ಕಟ್ಟೆನ ಗಾರೆಯವನ ಕೈಲಿ ಮಾಡಿಸ್ತೀನಿ ಅಂತ ಅಜ್ಜಿಗೆ ಹೇಳಿದ್ದೆ. ಸಿಮೆಂಟಿನ ಬೆಲೆ ಕೇಳಿ ಗಾರೆಯವನೇ ಬರಲ್ಲ ಅಂದ. ಅಲ್ಲಿ ಇಲ್ಲಿ ಬೇಡಿ ತಂದು ನಾನೇ ಮೆತ್ತಿದೆ. ಸೊಟ್ಟಗಾಗಿದೆ. ಅಜ್ಜಿ ನೋಡಿದ್ರೆ..."

"ಎಡೆ?"

"ಮೇಡಂ, ನನ್ ಅಪ್ಪ ಅವ್ನು!"

ಸಾರ್ಜೆಂಟ್ ಹಗ್ಗ ಬಿಚ್ಚಲಿಲ್ಲ. ನನಗೆ ಕೋಪ ಬಂತು. ನನ್ನನ್ನು ಕರೆದುಕೊಂಡು ಎಡೆಯ ಕೋಣೆಗೆ ಹೋದಳು. ಮೇಜಿನ ಮೇಲೆ ಬಿಳಿ ಬಟ್ಟೆ, ಖಾಲಿ ತಟ್ಟೆ. ಕೋಳಿಯ ಮೂಳೆಗಳನ್ನು ಯಾರೋ ಅಚ್ಚುಕಟ್ಟಾಗಿ ಒಂದು ಬದಿಗೆ ಜೋಡಿಸಿದ್ದರು. ಮೆಕ್ಕೆಜೋಳದ ಮುದ್ದೆಯ ಚೂರೂ ಉಳಿದಿರಲಿಲ್ಲ. ರಮ್ಮಿನ ಲೋಟ ಮಾತ್ರ ಇಟ್ಟಹಾಗೇ ಇತ್ತು.

"ಕುಡಿಯೋಕೆ ಬಂದವನಲ್ಲ," ಅಂದಳು. ತಟ್ಟೆಯ ಅಂಚಿನ ಬಳಿ ಬಟ್ಟೆಯ ಮೇಲೆ ಬೆರಳಿಟ್ಟಳು. "ಇದೇನು ನೋಡು."

ಬೂದು ಬಣ್ಣದ ನಾಲ್ಕಾರು ಹರಳು. ನಾಲಿಗೆಗೆ ತಾಗಿಸಿದೆ. ಉಪ್ಪು!

"ಎಡೆ ಪಕ್ಕ ಉಪ್ಪಾ? ಟ್ಯಾಂಟಿ ಸತ್ರೂ ಇಡಲ್ಲ!"

"ಇಟ್ರೂ ಇದನ್ನ ಇಡಲ್ಲ. ಅಡುಗೆಮನೇಲಿ ಇರೋದು ಪ್ಯಾಕೆಟ್ಟಿನ ಪುಡಿ ಉಪ್ಪು. ಇದು ನಮ್ಮ ದ್ವೀಪದ ಉಪ್ಪಿನ ಹೊಂಡದ ಕಲ್ಲುಪ್ಪು. ಜೇಬಲ್ಲಿಟ್ಕೊಂಡು ಓಡಾಡೋರು ಯಾರು, ಲಿನ್?"

ಬಾಯಲ್ಲಿದ್ದ ಮಾವಿನಕಾಯಿಯ ಒಗರು ಆಗ ಗಂಟಲಿಗಿಳಿಯಿತು. ಅದು ಚಪಲವಲ್ಲ. ಆ ಮನುಷ್ಯ ಅದನ್ನೇ ತಿಂದು ಬದುಕುತ್ತಿದ್ದ.

"ಬೇಡ ಮೇಡಂ," ಅಂದೆ. "ಹೇಳ್ಬೇಡಿ. ಯಾರೋ ಹೊರಗಿನವ್ರು ಅಂದ್ಬಿಡಿ."

"ಆ ಹುಡುಗನ್ನ ಎಲ್ಲರ ಮುಂದೆ ಕಟ್ಟಿದೀರಿ. ಎಲ್ಲರ ಮುಂದೇನೇ ಬಿಚ್ಬೇಕು."

* * *

ಅಂಗಳದಲ್ಲಿ ಊರೆಲ್ಲ ಸೇರಿತ್ತು. ಸಾರ್ಜೆಂಟ್ ಬಳಿ ಅಂಗಡಿಯಿಂದ ತರಿಸಿದ, ಮಡಿಸಿದ ಖಾಲಿ ಚೀಲಗಳ ಒಂದು ಕಟ್ಟು ಇತ್ತು.

"ಇವು ಆಲ್ಬನ್ ಅವರ ಕೌಂಟರಿನ ಕೆಳಗೆ ಸಿಕ್ಕಿದ್ದು. ಹಿಟ್ಟು ಕದ್ದವ್ನು ಚೀಲ ಮಡಿಸಿ ವಾಪಸ್ ಇಟ್ಟು ಹೋಗ್ತಾನಾ?" ಒಂದನ್ನು ಕೊಡವಿದಳು. ಮರಳು ಉದುರಿತು. "ಗೋಡೌನಲ್ಲಿ ಹಿಟ್ಟಿನ ಒಂದು ಕಣ ಇಲ್ಲ, ಬರೀ ಮರಳು. ಬೆಕ್ಕು ಜಾಗ ಬಿಟ್ಟಿದೆ. ಕಾಳು ಇಲ್ದಿದ್ರೆ ಇಲಿ ಇಲ್ಲ, ಇಲಿ ಇಲ್ದಿದ್ರೆ ಬೆಕ್ಕು ಯಾಕಿರುತ್ತೆ? ಅಲ್ಲಿ ಕದಿಯೋಕೆ ಏನೂ ಇರ್ಲಿಲ್ಲ. ಬೀಗ ಒಡೆದದ್ದು ಬೀಗದ ಯಜಮಾನ್ರೇ."

"ಸುಳ್ಳು!" ಅಂತ ಟ್ಯಾಂಟಿ ಎದ್ದಳು. "ಆಲ್ಬನ್ ನನ್ ಮಗನ ಜೊತೆ ಒಂದೇ ದೋಣೀಲಿ ದುಡಿದವ್ನು! ಹೇಳೋ ಆಲ್ಬನ್, ಸುಳ್ಳು ಅಂತ ಹೇಳೋ!"

ಆಲ್ಬನ್ ಮಾವ ಅಂಗಳದ ಅಂಚಿನ ಕಲ್ಲಿನ ಮೇಲೆ ಕುಸಿದು ಕೂತ.

"ನನ್ ಅಕ್ಕಿ ಎಲ್ಲಿ ಹಾಗಾದ್ರೆ?" ಟ್ಯಾಂಟಿ ಕೇಳಿದಳು.

"ಉಂಡ್ರಲ್ಲ ಟ್ಯಾಂಟಿ," ಅಂದ ಮಾವ. "ಎಲ್ರೂ ಉಂಡ್ರಿ. ಹಡಗಲ್ಲಿ ಅರ್ಧ ಸಾಮಾನು ಬಂತು. ಮಯಾಮಿಯವ್ನು ಸುಂಕ ಸೇರಿಸಿ ಬೆಲೆ ಹೇಳ್ದ, ಅಷ್ಟಕ್ಕೆ ಅಷ್ಟೇ ಸಿಕ್ಕಿದ್ದು. ಮುಂದಿನ ಸಲ ಅದರಲ್ಲೂ ಅರ್ಧ. ಮಕ್ಕಳನ್ನ ಕಂಕುಳಲ್ಲಿ ಹೊತ್ಕೊಂಡು ಬಂದೋರಿಗೆ ಇಲ್ಲ ಅನ್ನಲಾ? ಬೆಲೆ ಏರಿಸಿದ್ರೆ ನಿಮ್ಗೆ ಆಗ್ತಿರ್ಲಿಲ್ಲ. ನಿಮ್ ಊಟದ ಚೀಲ ಬಿಚ್ಚಿ ಕೊಟ್ಟೆ. ಮುಂದಿನ ಹಡಗಲ್ಲಿ ತುಂಬಿಸಿಡೋಣ ಅಂತ. ಚೀಲಕ್ಕೆ ಮರಳು ತುಂಬ್ದೆ. ಖಾಲಿ ಗೋಡೌನ್ ಕಂಡ್ರೆ ಊರು ಹೆದರುತ್ತಲ್ಲ. ಊಟದ ದಿನ ಬಂದೇಬಿಡ್ತು, ಮರಳು ಹೊರಗೆ ಸುರಿದು ನಾನೇ ಬೀಗ ಒಡ್ದೆ."

ನನ್ನ ಮನೆಗೂ ಹೋದ ತಿಂಗಳು ಹಿಟ್ಟು ಬಂದಿತ್ತು. ಹಳೇ ಬೆಲೆಗೆ. ಚೌಕಾಸಿ ಬೇರೆ ಮಾಡಿದ್ದೆ.

"ಎಡೆ?" ಅಂದಳು ಟ್ಯಾಂಟಿ.

"ಹಸಿವು ತಡೆಯೋಕಾಗ್ಲಿಲ್ಲ. ಹಿಂಬಾಗಿಲು ತೆಗೆದಿತ್ತು. ಗಾಡ್ವಿನ್ ಇದ್ದಿದ್ರೆ ಕೂರಿಸಿ ಬಡಿಸ್ತಿದ್ದ. ಬದುಕಿರೋನ ಬಾಯಲ್ವಾ, ಉಪ್ಪಿಲ್ದೆ ಇಳೀಲಿಲ್ಲ. ಅವನ ಪಾಲಿನ ರಮ್ ಮಾತ್ರ ಮುಟ್ಲಿಲ್ಲ."

ಎಷ್ಟೋ ಹೆಂಗಸರು ಕೈಗಳಲ್ಲಿ ಮುಖ ಮುಚ್ಚಿಕೊಂಡರು. ಆದರೆ ರೂಡೆಲ್ ಅಳಲಿಲ್ಲ. ಹಗ್ಗ ಬಿಚ್ಚಿಸಿಕೊಂಡು, ಕೆಂಪಗಾದ ಮಣಿಕಟ್ಟು ಉಜ್ಜುತ್ತ ಮಾವನೆದುರು ಬಂದು ನಿಂತ.

"ಹಸಿವಿಗೆ ತಿಂದ್ರಿ. ಹೋಗ್ಲಿ. ನನ್ ಹೆಸರು ಯಾಕ್ ಹೇಳಿದ್ರಿ ಮಾವ?"

"ಎಲ್ರೂ ಆಗ್ಲೇ ನಿನ್ ಹೆಸರು ಹೇಳ್ತಿದ್ರು ಮಗಾ. ನಾನು ಹೂಂ ಅಂದೆ. ಅಷ್ಟೇ."

"ಅಷ್ಟೇನಾ?"

ಮಾವ ತಲೆ ತಗ್ಗಿಸಿದ. ಹುಡುಗನನ್ನು ಮರಕ್ಕೆ ಕಟ್ಟಿದ ನಾವೂ ತಗ್ಗಿಸಿದೆವು.

* * *

ಕಲ್ಲು ನಿಂತಿತು. ಕಟ್ಟೆ ಸೊಟ್ಟಗಿತ್ತು. ರೂಡೆಲ್ ಬಿಳಿ ಬಟ್ಟೆ ಸರಿಸಿದಾಗ ಟ್ಯಾಂಟಿ ಮೊದಲು ಆ ಸೊಟ್ಟ ಗಾರೆಯನ್ನು ಸವರಿದಳು, ಆಮೇಲೆ ಕಲ್ಲನ್ನು. ಊಟಕ್ಕೆ ಮನೆಮನೆಯಿಂದ ತೊಗರಿ, ಮೀನು, ಗೆಣಸು ಬಂತು. ಹಡಗಿನಲ್ಲಿ ಬಂದದ್ದು ಒಂದೂ ಇರಲಿಲ್ಲ.

ಸುಳ್ಳು ಹೇಳಿಕೆಗೆ ಸಹಿ ಬಿದ್ದಿತ್ತು. ಟ್ಯಾಂಟಿ ಬೇಡವೆಂದರೂ ಸಾರ್ಜೆಂಟ್ ಮಾವನನ್ನು ಠಾಣೆಗೆ ಕರೆದೊಯ್ಯಲೇಬೇಕಿತ್ತು. ನನ್ನ ಬಸ್ಸಿನಲ್ಲೇ. ಎಂಜಿನ್ ಶುರು ಮಾಡಿದೆ. ಟ್ಯಾಂಟಿ ಅಡ್ಡ ಬಂದು ನಿಲ್ಲಿಸಿದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ರಾತ್ರಿಯದೇ ತಟ್ಟೆ. ಕಿಟಕಿಯಿಂದ ಮಾವನ ಮಡಿಲಿಗಿಟ್ಟಳು.

"ಉಪ್ಪು ಹಾಕಿದೀನಿ," ಅಂದಳು. "ನೀನಿನ್ನೂ ಬದುಕಿದೀಯ. ಉಣ್ಣು."

ಬಸ್ಸು ಹೊರಟಿತು. ಮಾವ ಒಂದು ತುತ್ತು ಬಾಯಿಗಿಟ್ಟುಕೊಂಡ. ತಟ್ಟೆಗೆ ಮತ್ತೆ ಬಟ್ಟೆ ಮುಚ್ಚಿದ.

"ಲಿನ್," ಅಂದ. "ಕನ್ನಡೀಲಿ ಕಾಣುತ್ತಾ ನಿಂಗೆ? ರೂಡೆಲ್ ಗೇಟಿನ ಹತ್ರ ಇದಾನಾ? ಈ ಕಡೆ ನೋಡ್ತಿದಾನಾ?"

ಕನ್ನಡಿಯಲ್ಲಿ ಗೇಟು ಕಾಣುತ್ತಿತ್ತು. ರೂಡೆಲ್ ನಮಗೆ ಬೆನ್ನು ತಿರುಗಿಸಿ ನಿಂತಿದ್ದ.

"ನೋಡ್ತಿದಾನೆ ಮಾವ," ಅಂದೆ. "ಕೈ ಬೀಸ್ತಿದಾನೆ."

ಸಾರ್ಜೆಂಟ್ ಆ ಕನ್ನಡಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಈ ಹೇಳಿಕೆಯನ್ನು ಅವಳು ಬರೆದುಕೊಳ್ಳಲಿಲ್ಲ.