ವಾಲ್ವ್ ಪೆಟ್ಟಿಗೆಗೆ ಬಿದ್ದ ಬೆಂಕಿ

ಬೆಂಕಿ ಆರಿ ಹೆಚ್ಚು ಹೊತ್ತಾಗಿರಲಿಲ್ಲ. ತಿ. ನರಸೀಪುರದ ಆ ಪುಟ್ಟ ಸ್ಟುಡಿಯೋದಿಂದ ಸುಟ್ಟ ಸ್ಪಂಜಿನ ವಾಸನೆ ಬೀದಿಗೆಲ್ಲ ಹರಡಿತ್ತು. ನಂಜನಗೂಡಿನಿಂದ ಸ್ಕೂಟರಿನಲ್ಲಿ ಬಂದ ಮಧುಶ್ರೀ ಹೆಲ್ಮೆಟ್ ತೆಗೆಯುವ ಮೊದಲೇ ಗುರುಪ್ರಸಾದ್ ಅವಳತ್ತ ಬೆರಳು ತೋರಿಸಿದ.

"ಇವಳೇ ಸಾರ್. ಇವಳು ಕೈಯಾಡಿಸಿದ ಡಬ್ಬಿಯಿಂದಲೇ ಬೆಂಕಿ ಬಿದ್ದಿದ್ದು."

ಸಬ್ ಇನ್‌ಸ್ಪೆಕ್ಟರ್ ಮಹಾದೇವಸ್ವಾಮಿ ತಿರುಗಿ ನೋಡಿದರು.

ಸ್ಟುಡಿಯೋ ಇಬ್ಬರದು. ಹಳೆಯ ಕ್ಯಾಸೆಟ್ಟುಗಳ ದನಿಯನ್ನು ಕಂಪ್ಯೂಟರಿಗೆ ಇಳಿಸುವುದು ಅಮೃತೇಶನ ಕೆಲಸ. ಹೊರಗಿನ ಓಡಾಟ ಗುರುಪ್ರಸಾದನದು. ಟೇಪ್ ಡೆಕ್ಕಿಗೂ ಕಂಪ್ಯೂಟರಿಗೂ ನಡುವೆ ಕೂತು ದನಿ ಕುಂದದಂತೆ ದಾಟಿಸಲೆಂದು ಅವರು ಹಳೆಯ ರೇಡಿಯೋದಲ್ಲಿರುವಂಥ ಎರಡು ಗಾಜಿನ ವಾಲ್ವಿನ ಅಗ್ಗದ ಬಫರ್ ಪೆಟ್ಟಿಗೆಯೊಂದನ್ನು ತರಿಸಿದ್ದರು. ಬಂದಾಗ ಅದು ಜೇನುಹುಳದಂತೆ ಗುಂಯ್‌ಗುಡುತ್ತಿತ್ತು. ನಂಜನಗೂಡಿನಲ್ಲಿ ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟಿದ್ದ ಮಧುಶ್ರೀ ಅದರ ಕಳಪೆ ಕೆಪಾಸಿಟರುಗಳನ್ನು ಕಿತ್ತು ಒಳ್ಳೆಯವನ್ನು ಹಾಕಿ, ಬೆಸುಗೆಯನ್ನೆಲ್ಲ ಹೊಸದಾಗಿ ಮಾಡಿ ಕೊಟ್ಟಿದ್ದಳು. ಗುಂಯ್‌ಗುಡುವಿಕೆ ನಿಂತಿತ್ತು.

"ಡಬ್ಬಿ ಹೋದ್ರೆ ಹೋಗ್ಲಿ," ಎಂದ ಅಮೃತೇಶ. "ಮಲ್ಲಾಜಮ್ಮೋರ ಕ್ಯಾಸೆಟ್ ಎಲ್ಲಾ ಹೋಯ್ತಲ್ಲ."

ಮೂಗೂರಿನ ಮಲ್ಲಾಜಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಗದ್ದೆ ನಾಟಿಯ ಪದ, ಮದುವೆಯ ಸೋಬಾನೆ ಪದಗಳಿಗೆ ಸುತ್ತಮುತ್ತ ಹೆಸರಾದವರು. ಗಂಟಲಿನ ಆಪರೇಷನ್ ಆದ ಮೇಲೆ ಅವರ ದನಿ ಪಿಸುಮಾತಿಗೆ ಇಳಿದಿತ್ತು. ಹಳೆಯ ದನಿ ಉಳಿದಿದ್ದದ್ದು ಕಂಪ್ಯೂಟರಿಗೆ ಇನ್ನೂ ಇಳಿಸಿರದ ಆ ಕ್ಯಾಸೆಟ್ಟುಗಳಲ್ಲಿ ಮಾತ್ರ.

"ತಪ್ಪು ಒಪ್ಕೊಂಡು ರಾಜಿ ಮಾಡ್ಕೊಳ್ಳಮ್ಮ," ಎಂದರು ಮಹಾದೇವಸ್ವಾಮಿ. "ಕೇಸು ಅಂತ ಅಲೆದಾಡೋದು ಬೇಡ."

"ಮಾಡದ ತಪ್ಪು ಒಪ್ಕೊಳ್ಳೋಕೆ ನಾನು ಬಂದಿಲ್ಲ ಸಾರ್. ಆ ಪೆಟ್ಟಿಗೆ ನೋಡ್ಬೇಕು."

"ಸಾಕ್ಷೀನ ಅವಳ ಕೈಗೆ ಕೊಡ್ತೀರಾ ಸಾರ್?" ಗುರುಪ್ರಸಾದ್ ಅಡ್ಡ ಬಂದ.

"ನನ್ನ ಕಣ್ಣ ಮುಂದೆ ನೋಡ್ಲಿ ಬಿಡ್ರೀ."

*

ಮೇಜು ಅರ್ಧ ಸುಟ್ಟಿತ್ತು. ಪೆಟ್ಟಿಗೆಯ ಹೊದಿಕೆ ಕರಗಿ, ಒಳಗಿನ ಬೋರ್ಡು ಕಪ್ಪಾಗಿತ್ತು. ಮಧುಶ್ರೀ ಅದನ್ನು ಮಗುಚಿ ನೋಡಿದಳು. ಮುಖದಲ್ಲಿ ಏನೂ ತೋರಗೊಡಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು.

ಆಮೇಲೆ ಕ್ಯಾಸೆಟ್ ಇಟ್ಟಿದ್ದ ರಟ್ಟಿನ ಡಬ್ಬದ ಬೂದಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬ್ಯಾಗಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತೆಗೆದು ಬೂದಿಯಲ್ಲಿ ನಿಧಾನವಾಗಿ ಆಡಿಸಿದಳು. ಅದಕ್ಕೆ ಏನೂ ಅಂಟಲಿಲ್ಲ.

"ಏನ್ ಹುಡುಕ್ತಾ ಇದ್ದೀಯಾ?" ಮಹಾದೇವಸ್ವಾಮಿ ಬಗ್ಗಿದರು.

"ಆಮೇಲೆ ಹೇಳ್ತೀನಿ ಸಾರ್. ಈ ಬಾಗಿಲ ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನಮ್ಮಿಬ್ಬರ ಹತ್ರ," ಎಂದ ಅಮೃತೇಶ. ಆಮೇಲೆ ನೆನಪಾಗಿ, "ಕಟ್ಟಡದ ಓನರ್ ರಾಚಯ್ಯನೋರ ಹತ್ರಾನೂ ಒಂದಿದೆ. ಅಂಗಡಿ ಖಾಲಿ ಮಾಡಿ ಅಂತ ಹೋದ ತಿಂಗಳಿಂದ ಜಗಳ."

ಗುರುಪ್ರಸಾದ್ ತಲೆಯಾಡಿಸಿದ. "ಅದೂ ನಿಜಾನೇ ಸಾರ್."

ರಾಚಯ್ಯನನ್ನು ಕರೆಸಿದರು. ಪ್ರಶ್ನೆ ಮುಗಿಯುವ ಮೊದಲೇ ಆತ ಸಿಡಿದೆದ್ದ.

"ಮೇಲ್ಗಡೆ ನನ್ ಮಗಳು ಬಾಣಂತಿ ಅವ್ಳೆ ಸಾ. ಅಸುಗೂಸು ಮಲಗಿದ್ ಮನೆ ಕೆಳೀಕೆ ನಾನೇ ಬೆಂಕಿ ಇಕ್ಕೀನಾ? ಒಗೆ ಕಂಡು ಬಾಗ್ಲು ತೆಗ್ದು ನೀರ್ ಉಯ್ದೋನೇ ನಾನು!"

ಅವನ ಎರಡೂ ಅಂಗೈ ಬೊಬ್ಬೆ ಎದ್ದಿದ್ದವು. ಮಧುಶ್ರೀ ಆ ಕೈಗಳನ್ನು ನೋಡಿದಳು. ಇವನಲ್ಲ.

*

ಮರುದಿನ ಬೆಳಿಗ್ಗೆ ಅವಳ ಅಂಗಡಿಗೆ ಬಂದ ಗಿರಾಕಿಯೊಬ್ಬ ತನ್ನ ಆಂಪ್ಲಿಫೈಯರ್ ವಾಪಸ್ ಕೇಳಿದ. "ಬೆಂಕಿ ಗಿಂಕಿ ಅಂತಾರೆ. ಬೇಡಮ್ಮ." ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಮಧುಶ್ರೀ ಎತ್ತಿಕೊಟ್ಟಳು. ಸಿಟ್ಟು ಬಂದಿತ್ತು. ಷಟರ್ ಎಳೆದು ನೇರ ನರಸೀಪುರ ಠಾಣೆಗೆ ಹೊರಟಳು.

ಮಹಾದೇವಸ್ವಾಮಿ ಎಲ್ಲರನ್ನೂ ಸ್ಟುಡಿಯೋಗೆ ಕರೆಸಿದರು.

"ಗುರುಪ್ರಸಾದ್, ಬೆಂಕಿ ಬೀಳೋ ಮೊದಲು ಒಳಗಿಂದ ಕೊನೆಗೆ ಹೋದೋರು ಯಾರು?" ಮಧುಶ್ರೀ ಕೇಳಿದಳು.

"ನಾನೇ. ಊಟಕ್ಕೆ ಹೋದೆ."

"ಪೆಟ್ಟಿಗೆ ಆನ್ ಇತ್ತಾ?"

"ಇತ್ತು. ಅದೇ ಆಗಿದ್ದು ತಪ್ಪು."

"ಆನ್ ಇತ್ತು ಅಂತ ಹೇಗೆ ಗೊತ್ತಾಯ್ತು?"

"ಕಣ್ಣಿಲ್ವಾ ನಂಗೆ? ವಾಲ್ವ್ ಕೆಳಗೆ ನೀಲಿ ಲೈಟ್ ಉರೀತಿತ್ತು."

ಅಮೃತೇಶ ತಟ್ಟನೆ ತಲೆ ಎತ್ತಿದ. "ನೀಲಿ ಲೈಟಾ? ಮಧು ರಿಪೇರಿ ಮಾಡಿಕೊಟ್ಟ ಮೇಲೆ ನೀಲಿ ಲೈಟ್ ಎಲ್ಲಿತ್ತೋ?"

ಮಹಾದೇವಸ್ವಾಮಿ ಗುರುಪ್ರಸಾದನತ್ತ ತಿರುಗಿದರು.

"ಇರಲಿಲ್ಲ," ಎಂದಳು ಮಧುಶ್ರೀ. "ಸಾರ್, ಇಂಥ ಅಗ್ಗದ ಪೆಟ್ಟಿಗೇಲಿ ವಾಲ್ವ್ ಜೋರಾಗಿ ಬೆಳಗ್ತಿದೆ ಅನ್ನಿಸಲಿ ಅಂತ ಕೆಳಗೆ ಎಲ್‌ಇಡಿ ಕೂರಿಸಿರ್ತಾರೆ. ಸುಳ್ಳು ಬೆಳಕು. ನಾನು ಎರಡನ್ನೂ ಕಿತ್ತು ಹಾಕಿದ್ದೆ. ಸುಟ್ಟಿರೋ ಬೋರ್ಡಲ್ಲಿ ಎಲ್‌ಇಡಿ ಕಾಲು ಇನ್ನೂ ಬೆಸುಗೇಲೇ ಇವೆ. ಕೆಪಾಸಿಟರುಗಳೂ ಕಂಪನಿ ಹಾಕಿದ ಸಣ್ಣವೇ. ಇದು ನಾನು ಮುಟ್ಟಿದ ಪೆಟ್ಟಿಗೆನೇ ಅಲ್ಲ. ಅದೇ ಥರದ್ದು ಇನ್ನೊಂದು ತಂದು ಇಟ್ಟು ಸುಟ್ಟಿದ್ದಾರೆ."

"ಕ್ಯಾಸೆಟ್?" ಮಹಾದೇವಸ್ವಾಮಿ ಕೇಳಿದರು.

"ಪ್ಲಾಸ್ಟಿಕ್ಕು, ಟೇಪು ಸುಟ್ಟು ಹೋಗುತ್ತೆ. ಸ್ಕ್ರೂ ಸುಡಲ್ಲ. ಟೇಪಿನ ಹಿಂದಿರೋ ಪುಟ್ಟ ಕಬ್ಬಿಣದ ತಗಡು ಸುಡಲ್ಲ. ಅಯಸ್ಕಾಂತಕ್ಕೆ ಒಂದೂ ಸಿಗಲಿಲ್ಲ. ಸುಟ್ಟಿದ್ದು ಖಾಲಿ ಡಬ್ಬ."

ಗುರುಪ್ರಸಾದ್ ನಗಲು ನೋಡಿದ. "ಅಮೃತೇಶನೂ ಮಾಡಿರಬಹುದಲ್ಲ?"

"ಇವತ್ತಿನ ತನಕ ಆ ಎರಡನೇ ಪೆಟ್ಟಿಗೆ ಇದೆ ಅಂತಾನೇ ಯಾರಿಗೂ ಗೊತ್ತಿರಲಿಲ್ಲ. ಅದರ ನೀಲಿ ಲೈಟ್ ಉರಿಯೋದನ್ನ ನೋಡಿದೋರು ನೀವೊಬ್ಬರೇ. ಈಗ ನೀವೇ ಹೇಳಿದ್ರಿ."

ಮಹಾದೇವಸ್ವಾಮಿ ಇಬ್ಬರು ಪೇದೆಗಳನ್ನು ಬಿಳಿಗೆರೆಗೆ, ಗುರುಪ್ರಸಾದನ ಮನೆಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಅಟ್ಟದ ಮೇಲೆ, ಗೋಣಿಚೀಲದೊಳಗೆ, ಕ್ಯಾಸೆಟ್ಟುಗಳು ಸಿಕ್ಕಿದ್ದವು. ಜೊತೆಗೆ ಮಧುಶ್ರೀಯ ಪೆಟ್ಟಿಗೆಯೂ.

*

ಗುರುಪ್ರಸಾದ್ ಬಾಯಿಬಿಟ್ಟ. ಪದಗಳ ಹಕ್ಕನ್ನು ಸಂಗೀತ ಕಂಪನಿಯೊಂದಕ್ಕೆ ಬರೆದುಕೊಡಲು ಮಲ್ಲಾಜಮ್ಮ ಒಪ್ಪಿರಲಿಲ್ಲ. ಅವನಾಗಲೇ ಆ ಕಂಪನಿಗೆ ಮಾತು ಕೊಟ್ಟುಬಿಟ್ಟಿದ್ದ. ಕ್ಯಾಸೆಟ್ಟುಗಳು ಸುಟ್ಟುಹೋದವೆಂದು ಊರು ನಂಬಿದರೆ, ಮುಂದೆ ಬೇರೆ ಯಾರದೋ ಹೆಸರಿನಲ್ಲಿ ಅವನ್ನು ಹೊರತರಬಹುದಿತ್ತು.

"ಪೆಟ್ಟಿಗೆ ಯಾಕೆ ಕದ್ದೆ?" ಅಮೃತೇಶ ಕೇಳಿದ.

"ಅದಿಲ್ದೆ ದನಿ ಚೆನ್ನಾಗಿ ಬರಲ್ಲ," ಗುರುಪ್ರಸಾದ್ ನೆಲ ನೋಡುತ್ತ ಹೇಳಿದ.

"ಇದನ್ನ ನಂಜನಗೂಡಿಗೆ ಬಂದು, ನನ್ನ ಅಂಗಡಿ ಮುಂದೆ ನಿಂತು ಹೇಳ್ಬೇಕು," ಎಂದಳು ಮಧುಶ್ರೀ.

ಗುರುಪ್ರಸಾದ್ ಮಲ್ಲಾಜಮ್ಮನ ಕಡೆ ತಿರುಗಿದ. "ಡಬ್ಬದಲ್ಲಿ ಕೊಳೀತಿದ್ವು ಅಜ್ಜಿ. ನಾನಿಲ್ದಿದ್ರೆ ಈ ಪದಗಳನ್ನ ಯಾರು ಕೇಳ್ತಿದ್ರು?"

ಮಲ್ಲಾಜಮ್ಮ ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಆ ಪಿಸುದನಿಗೆ ಪೇದೆಗಳೂ ಕಿವಿಗೊಟ್ಟರು.

"ನಮ್ಮೂರ್ ಎಣ್ಮಕ್ಳು ನಾಟಿ ಆಕುವಾಗ ಈಗ್ಲೂ ಇವೇ ಪದ ಏಳ್ತಾ ಅವ್ರೆ ಕಣ್ಲಾ. ಕೇಳ್ಬೇಕಾದ್ರೆ ಪಂಚೆ ಎತ್ಕಟ್ಕೊಂಡು ಗದ್ದೆಗೆ ಇಳಿ."