ದಸ್ತೂರ್ ಹೇಳದ ಪೆಟ್ಟು

"ಮಗಾ, ಸುತ್ತಿಗೆ ಎತ್ತೋ ಮುಂಚೆ ‘ದಸ್ತೂರ್’ ಅನ್ನು. ಕೆಳಗಿರೋರ ಅಪ್ಪಣೆ ಕೇಳು," ಎಂದಳು ಮುದುಕಿ ಫಹೀಮಾ. "ಇಲ್ಲಿನ ನಿಧಿಗೆ ಮಾಟ ಮಾಡಿ ಜಿನ್ನನ್ನ ಕಾವಲಿಟ್ಟಿದಾರೆ. ಕೇಳದೆ ಬಡಿದೋರನ್ನ ಅದು ಬಿಡಲ್ಲ."

ಕೈರೋದಿಂದ ಬಂದಿದ್ದ ಎಂಜಿನಿಯರ್ ವಾಇಲ್ ನಕ್ಕ. "ಹಾಜಿಯಮ್ಮಾ, ಕೆಳಗಿರೋರ ಬಾಗಿಲು ಬಡಿಯೋದೇ ನನ್ನ ಹೊಟ್ಟೆಪಾಡು. ಸಿಟ್ಟು ಬಂದ್ರೆ ಎದ್ದು ಬರಲಿ, ಚಹಾ ಕುಡಿಸ್ತೀನಿ."

ಮುದುಕಿ ನಗಲಿಲ್ಲ. ಅವಳ ಮಗ ಸಬ್ರಿ ಅವಳ ಮನೆಯಡಿಯಲ್ಲೇ ಹೂತುಹೋಗಿದ್ದ. ಫರೋಗಳ ಚಿನ್ನದಾಸೆಗೆ ಅವನು ಕದ್ದು ತೋಡಿದ್ದ ಸುರಂಗ ಬೆಳಿಗ್ಗೆ ಕುಸಿದಿತ್ತು. ಕಂಡಕಂಡಲ್ಲಿ ಅಗೆದರೆ ಉಳಿದದ್ದೂ ಕುಸಿಯುತ್ತದೆ. ಅವನು ಉಸಿರಾಡುತ್ತಿರಬಹುದಾದ ಪುಟ್ಟ ಪೊಳ್ಳು ಎಲ್ಲಿದೆಯೆಂದು ಮೊದಲು ತಿಳಿಯಬೇಕಿತ್ತು.

ನೆಲದ ನಡುಕ ಆಲಿಸುವ ಮೊಳೆಗಳನ್ನು ಸಾಲಾಗಿ ನೆಟ್ಟು, ಕಬ್ಬಿಣದ ತಟ್ಟೆಯ ಮೇಲೆ ವಾಇಲ್ ‘ದಸ್ತೂರ್’ ಎನ್ನದೆಯೇ ಸುತ್ತಿಗೆ ಬೀಸಿದ. ಧಡ್! ಅಲೆ ಮಣ್ಣಿಗಿಳಿದು, ಪೊಳ್ಳಿಗೆ ತಾಗಿ ಚೆದುರಿ, ಜೊತೆಗಾರ ಬಹಗತ್‌ನ ಕಂಪ್ಯೂಟರ್ ಪರದೆಯಲ್ಲಿ ಬಿಲ್ಲಿನಂತೆ ಬಾಗಿದ ಗೆರೆಯಾಗಿ ಮೂಡುತ್ತಿತ್ತು. ಧಡ್! ಲೋಬಾನದ ಹೊಗೆ, ಒಲೆಯ ಹಳೇ ಬೂದಿ, ಕೊಳೆತ ಮಣ್ಣಿನ ಕಮಟು. ನಡುಹಗಲಲ್ಲೂ ಸುರಂಗದ ಬಾಯಲ್ಲಿ ಕತ್ತಲೆ ಮಡುಗಟ್ಟಿತ್ತು.

"ಸಿಕ್ತು! ಒಲೆ ಕೆಳಗೇ ಪೊಳ್ಳಿದೆ," ಎಂದ ಬಹಗತ್. ಮರುಕ್ಷಣ ಅವನ ಮುಖ ಬಿಳಿಚಿತು. "ಗುರುವೇ, ಬಡಿಯೋದು ಸಾಕು."

"ನಿಲ್ಲಿಸಿ ಆಗ್ಲೇ ಹೊತ್ತಾಯ್ತಲ್ಲೋ."

"ಹಾಗಾದ್ರೆ ಈ ಪೆಟ್ಟು ಯಾರ್ದು?"

ಗೆರೆಗಳು ಜಿಗಿಯುತ್ತಿದ್ದವು. ಕೆಳಗಿನಿಂದ ಯಾರೋ ಬಡಿಯುತ್ತಿದ್ದರು. "ಬದುಕಿದಾನೆ! ಅಗೀರಿ!" ವಾಇಲ್ ಕೂಗಿದ.

ಊರ ಗಂಡಸರು ಹಾರೆಯ ಪ್ರತಿ ಏಟಿಗೂ ‘ದಸ್ತೂರ್’ ಎನ್ನುತ್ತ ಅಗೆದರು. ದೇವರು ದೊಡ್ಡವನು. ಸಬ್ರಿಗೆ ಉಸಿರಿತ್ತು. ಆದರೆ ಎರಡೂ ತೋಳುಗಳು ಮುರಿದು ಜೋತುಬಿದ್ದಿದ್ದವು.

"ಅಷ್ಟು ಜೋರಾಗಿ ಹೇಗೆ ಬಡಿದ್ಯಪ್ಪಾ?" ಬಹಗತ್ ಕೇಳಿದ.

"ನಾನೆಲ್ಲಿ ಬಡಿದೆ? ನನ್ನ ಪಕ್ಕದಲ್ಲಿ ಇದ್ದೋನು ಬಡಿದ."

ತಾಯಿ ಮಗನನ್ನು ತಬ್ಬಿಕೊಂಡಳು. ಗಂಡಸರು ಗಡಿಬಿಡಿಯಿಂದ ಗುಂಡಿಗೆ ಮಣ್ಣು ಎಳೆಯತೊಡಗಿದರು.

"ಸಬ್ರಿಗೆ ನೀರು ಕೊಡ್ರೋ," ಎಂದ ವಾಇಲ್. ಯಾರೂ ತಿರುಗಿ ನೋಡಲಿಲ್ಲ. ಇನ್ನೂ ಜೋರಾಗಿ ಹೇಳಿದ. ಇಲ್ಲ. ಬಹಗತ್‌ನ ಭುಜ ಹಿಡಿದ. ಕೈಗೆ ಭುಜ ಸಿಗಲಿಲ್ಲ. ತಣ್ಣನೆಯ ಮಣ್ಣು ಸಿಕ್ಕಿತು.

"ಎಂಜಿನಿಯರ್ ಎಲ್ಲಿ? ಈಗ ಇಲ್ಲೇ ಇದ್ರಲ್ಲ?" ಬಹಗತ್‌ನ ದನಿ ಎಲ್ಲೋ ಮೇಲಿನಿಂದ ಬಂತು.

ವಾಇಲ್ ಚೀರಿದ. ಮೇಲೆ, ಪರದೆಯ ಗೆರೆ ಜಿಗಿಯಿತು.

"ಅಯ್ಯೋ, ಕೆಳಗಿರೋನು ಮತ್ತೆ ಬಡೀತಿದಾನೆ!" ಯಾರೋ ಅರಚಿದರು. "ಬೇಗ ಮುಚ್ಚಿ! ಬೇಗ!"

ಬೆಳಕಿನ ಕೊನೆಯ ಎಳೆಯೂ ಆರಿತು. ಬಾಯಿ ತುಂಬ ಮಣ್ಣು. ಪಕ್ಕದಲ್ಲಿ, ತೀರ ಹತ್ತಿರದಲ್ಲಿ, ಯಾರೋ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.