ತೂಗುಸೇತುವೆಯ ಮೇಲೆ ಮಾಮಲೇದಾರಬಾಯಿ

“ಏಳನೇ ಪ್ರಶ್ನೆ! ನಿಮಗೆ ಕತ್ತಲೆಂದರೆ ಹೆದರಿಕೆಯೇ? ‘ಹೌದು’ ಅಥವಾ ‘ಇಲ್ಲ’, ಯಾವುದಾದರೂ ಒಂದು ಬರೀರಿ,” ಅಂದರು ಅಲ್ಲಪ್ಪ ಮಾಸ್ತರರು.

ಕೆಂಪವ್ವ ಪಾಟಿಯ ಮೇಲೆ ‘ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಬಳಪ ಕಿರ್ರೆಂದಿತು.

ಪಕ್ಕದಲ್ಲಿ ಕೂತಿದ್ದ ಗೆಳತಿ ಲಗಮವ್ವ ಇಣುಕಿ ನೋಡಿದಳು. “ಏ ಕೆಂಪಿ, ಸುಳ್ಳ ಬರೀತಿ? ರಾತ್ರಿ ಹಿತ್ತಲಕ್ಕ ಹೋಗಾಕ ನಿಮ್ಮ ಆಯಿನ್ನ ಎಬ್ಬಸ್ತಿ!”

“ಸುಮ್ಮ ಕುಂದರ. ಕೆಟ್ಟದ್ದು ಬರೀಬಾರ್ದು.”

ಕೆಂಪವ್ವನ ಕಷ್ಟ ಅವಳಿಗೇ ಗೊತ್ತು. ಅವಳ ಮನೆಯಲ್ಲಿ ಎಲ್ಲರೂ ‘ಆಯಿ’ ಅನ್ನುವ ಅಜ್ಜಿ ಉದ್ದವ್ವನದು ಒಂದು ಕಟ್ಟಪ್ಪಣೆ ಇತ್ತು. ತನ್ನ ಬಗ್ಗೆ ತಾನು ಕೆಟ್ಟದ್ದು ಆಡಬಾರದು. ಆಕಾಶದಲ್ಲಿ ಅಸ್ತು ದೇವರುಗಳು ಓಡಾಡುತ್ತಿರುತ್ತಾರೆ. ನಾವು ಏನೇ ಅಂದರೂ ‘ಅಸ್ತು, ಹಾಗೇ ಆಗಲಿ’ ಅಂದುಬಿಡುತ್ತಾರೆ. ಆಮೇಲೆ ಅದು ಹಾಗೇ ಆಗುತ್ತದೆ!

ಡಬ್ಬಿಯಲ್ಲಿ ಜೋಳದ ಹಿಟ್ಟು ಮುಗಿದರೂ ಆಯಿ ‘ಮುಗಿಯಿತು’ ಅನ್ನುತ್ತಿರಲಿಲ್ಲ. “ಹಿಟ್ಟು ಹೆಚ್ಚಾಗೈತಿ, ಬಾಜೂ ಮನಿಯಿಂದ ಒಂದ ಬೊಗಸಿ ಇಸ್ಕೊಂಡ ಬಾ,” ಅನ್ನುತ್ತಿದ್ದಳು. ಇಂಥ ಮನೆಯ ಹುಡುಗಿ ‘ನನಗೆ ಹೆದರಿಕೆ’ ಎಂದು ಹೇಗೆ ಬರೆದಾಳು? ದೇವರುಗಳಿಗೆ ಓದಲು ಬಂದರೆ ಏನು ಗತಿ?

ಆದ್ದರಿಂದ ಕೆಂಪವ್ವ ಒಂದೊಂದಕ್ಕೂ ಒಳ್ಳೆಯದನ್ನೇ ಬರೆಯುತ್ತಾ ಹೋದಳು. ಬೇಗ ಸಿಟ್ಟು ಬರುತ್ತದೆಯೇ? ಇಲ್ಲ. ನಾಲ್ಕು ಜನರ ಮುಂದೆ ಮಾತಾಡಲು ಅಳುಕೇ? ಇಲ್ಲ. ಗೆಳೆಯರು ನಿಮ್ಮ ಮಾತು ಕೇಳುತ್ತಾರೆಯೇ? ಹೌದು. ಪ್ರತಿ ಪ್ರಶ್ನೆಗೂ ಉಳಿದವರು ತಲೆ ಕೆರೆದುಕೊಳ್ಳುತ್ತಿರುವಾಗಲೇ ಅವಳದು ಬರೆದು ಮುಗಿದಿರುತ್ತಿತ್ತು.

ಅಲ್ಲಪ್ಪ ಮಾಸ್ತರರು ಆಗಷ್ಟೇ ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಮಮದಾಪುರದ ಸಾಲಿಗೆ ಬಂದಿದ್ದರು. ಈ ಸ್ವಭಾವ ಪರೀಕ್ಷೆಯನ್ನು ಅಲ್ಲಿಂದಲೇ ತಂದಿದ್ದರು. ಯಾವ ಮಗುವಿನ ಸ್ವಭಾವ ಎಂಥದು ಎಂದು ತಿಳಿದರೆ, ಮುಂದೆ ಅದಕ್ಕೆ ಎಂಥ ಕೆಲಸ ಒಪ್ಪುತ್ತದೆ ಎನ್ನುವುದೂ ತಿಳಿಯುತ್ತದಂತೆ.

ಮರುದಿನ ಮಾಸ್ತರರು ಫಲಿತಾಂಶ ಹೇಳಿದರು. ಯಲ್ಲಾರಿ ಎಂಬ ಹುಡುಗ ‘ಹೌದು’ ಅಂದರೆ ಮಾರ್ಕು ಸಿಗುತ್ತದೆ ಎಂದುಕೊಂಡು ಎಲ್ಲದಕ್ಕೂ ‘ಹೌದು’ ಬರೆದಿದ್ದ. “ಇವನು ಧೈರ್ಯವಂತ ಹೌದು, ಅಂಜುಬುರುಕ ಹೌದು. ಭಾಳ ಮಾತಾಡ್ತಾನ, ಮಾತೇ ಆಡೂದಿಲ್ಲ. ಇಂಥ ಮನುಷ್ಯ ಇನ್ನೂ ಹುಟ್ಟಿಲ್ಲೋ ಯಲ್ಲಾರಿ!” ಎಂದು ಮಾಸ್ತರರು ತಲೆ ಮೇಲೆ ಕೈ ಇಟ್ಟುಕೊಂಡರು.

ಆಮೇಲೆ ಅವರ ಮುಖ ಅರಳಿತು. “ಕೆಂಪವ್ವಾ, ಎದ್ದು ನಿಲ್ಲು. ಎಲ್ಲಾರೂ ನೋಡ್ರಿ. ಧೈರ್ಯ, ಶಾಂತ ಸ್ವಭಾವ, ಮುಂದಾಳು ಆಗೂ ಗುಣ! ಈಕಿ ಓದಿದರ ಇಡೀ ತಾಲೂಕಿಗೆ ಮಾಮಲೇದಾರ ಆದರೂ ಆದಾಳು.”

ಲಗಮವ್ವ ಕಿಸಕ್ಕನೆ ನಕ್ಕಳು. ಹಿಂದಿನ ದಿನವಷ್ಟೇ ಗಜಗದ ಆಟದಲ್ಲಿ ಸೋತ ಈ ಶಾಂತ ಸ್ವಭಾವದ ಹುಡುಗಿ ಅವಳ ಜಡೆ ಹಿಡಿದು ಎಳೆದಿದ್ದಳು.

ಕೆಂಪವ್ವನಿಗೂ ಒಳಗೊಳಗೇ ನಗು ಬಂತು. ‘ಏನವ್ವಾ ಮಾಮಲೇದಾರಬಾಯಿ,’ ಎಂದು ತನ್ನನ್ನು ತಾನೇ ಚೇಷ್ಟೆ ಮಾಡಿಕೊಂಡಳು.

ಆದರೆ ಸಂಜೆ ಆ ನಗು ನಿಂತುಹೋಯಿತು. ಮಾಸ್ತರರು ಮನೆಗೇ ಬಂದುಬಿಟ್ಟರು.

ಕೆಂಪವ್ವನ ಅಪ್ಪ ಸತ್ತೆಪ್ಪ ಕುರಿಗಳನ್ನು ಆಗಲೇ ಹಟ್ಟಿಗೆ ಹಾಕಿ ಕಟ್ಟೆಯ ಮೇಲೆ ಕೂತಿದ್ದ. ‘ಹೆಣ್ಣು ಹುಡಿಗಿಗೆ ಐದನೇತ್ತಾ ಸಾಕು’ ಎಂದು ಅವನು ಯುಗಾದಿಯಿಂದಲೂ ಹೇಳುತ್ತಿದ್ದ. ಐದನೇ ತರಗತಿ ಮುಗಿದೊಡನೆ, ಬರುವ ವರ್ಷ ಅವಳ ಸಾಲಿ ಬಿಡಿಸುವುದು ಗಟ್ಟಿಯಾಗಿತ್ತು. ಕೆಂಪವ್ವ ಅತ್ತಿದ್ದಳು, ಒಂದು ಹೊತ್ತು ಊಟ ಬಿಟ್ಟಿದ್ದಳು. ಅವನು ಜಗ್ಗಿರಲಿಲ್ಲ.

“ಮಾಮಲೇದಾರ? ನಮ್ಮ ಕೆಂಪಿ?” ಸತ್ತೆಪ್ಪ ರುಮಾಲು ತೆಗೆದು ತಲೆ ಕೆರೆದುಕೊಂಡ. “ಖರೇನ್ರಿ ಮಾಸ್ತರ್ರ?”

“ಪರೀಕ್ಷಾದಾಗ ಬಂದೈತಿ ಸತ್ತೆಪ್ಪಾ. ಶಾಸ್ತ್ರೀಯ ಪರೀಕ್ಷಾ!”

“ಶಾಸ್ತ್ರದಾಗ ಬಂದೈತಿ ಅಂದಮ್ಯಾಲೆ ನಾ ಏನ ಅನ್ನಲಿ? ಕಲೀಲಿ ಬಿಡ್ರಿ, ಏಳನೇತ್ತಾ ತನಕ.”

ಆಯಿ ಮರುದಿನ ಬೆಳಿಗ್ಗೆ ಬಾವಿಗೆ ಹೋಗಿ ಬರುವಷ್ಟರಲ್ಲಿ ಊರಿಗೆಲ್ಲ ಸುದ್ದಿ ಹಂಚಿದಳು. ಕೆಂಪವ್ವ ಮಾತ್ರ ಪಾಟಿಯನ್ನು ಉಜ್ಜಿ ಉಜ್ಜಿ ಒರೆಸಿದಳು. ತನ್ನ ಸಾಲಿ ಈಗ ಒಂದು ಪಾಟಿಯ ಮೇಲಿನ ಸುಳ್ಳಿನ ಮೇಲೆ ನಿಂತಿತ್ತು. ಸುಳ್ಳು ಹೊರಬಿದ್ದ ದಿನ ಸಾಲಿಯೂ ಹೋದಂತೆಯೇ.

ಸುಳ್ಳು ಹೊರಬೀಳಲು ಬಹಳ ದಿನ ಬೇಕಾಗಲಿಲ್ಲ.

ಮಳೆಗಾಲ ಮುಗಿಯುತ್ತಾ ಬಂದಾಗ ಮಾಸ್ತರರು ಮಕ್ಕಳನ್ನು ಗೋಕಾಕದ ಜಲಪಾತ ನೋಡಲು ಕರೆದುಕೊಂಡು ಹೊರಟರು. ಎರಡು ಎತ್ತಿನ ಗಾಡಿ ಗೊತ್ತಾದವು. ಒಂದು ಗಾಡಿ ಸತ್ತೆಪ್ಪನದೇ. ಕೋಳಿ ಕೂಗುವಾಗ ಬಿಟ್ಟವರು ಬಿಸಿಲೇರಿದ ಮೇಲೆ ಜಲಪಾತದ ಹತ್ತಿರ ಇಳಿದರು.

ಕೆಂಪು ನೀರು ಧೋ ಎಂದು ಬೀಳುತ್ತಿತ್ತು. ಈ ದಡದಿಂದ ಆ ದಡಕ್ಕೆ ದಪ್ಪ ಹಗ್ಗಗಳ ಮೇಲೆ ಒಂದು ತೂಗುಸೇತುವೆ. ಕಾಲ ಕೆಳಗೆ ಹಲಗೆಗಳು, ಹಲಗೆಗಳ ನಡುವೆ ಸಂದು, ಸಂದಿನ ಕೆಳಗೆ, ಎಷ್ಟೋ ಆಳದಲ್ಲಿ, ಬಂಡೆ ಮತ್ತು ನೀರು.

“ಆ ಕಡೆ ದಡದಾಗ ಹಳೇ ಗುಡಿ ಐತಿ, ನೋಡಕೊಂಡ ಬರೋಣು. ಎಲ್ಲಾರೂ ಲೈನ್ ಮಾಡ್ರಿ!” ಅಂದರು ಮಾಸ್ತರರು. “ನಮ್ಮ ಲೀಡರ್ ಕೆಂಪವ್ವ ಮುಂದ. ನಾನು ಎಲ್ಲಾರಕಿಂತ ಹಿಂದ. ಲೀಡರ್ ಮಾಡಿದಂಗ ಮಾಡ್ರಿ. ಆಕಿ ನಡೆದರ ನಡೀರಿ, ಆಕಿ ನಿಂತರ ನಿಲ್ರಿ. ತಿಳೀತಿಲ್ಲೋ?”

“ತಿಳೀತ್ರಿ!” ಎಂದು ಎಲ್ಲರೂ ಒದರಿದರು.

ಸತ್ತೆಪ್ಪ ಎತ್ತುಗಳನ್ನು ಗಾಡಿಯಿಂದ ಬಿಚ್ಚಿ ಗಿಡಕ್ಕೆ ಕಟ್ಟಿ, ದಡದಲ್ಲಿ ನಿಂತು ಮಗಳತ್ತ ನೋಡಿ ಮೀಸೆ ತಿರುವಿದ. ಅವನ ಕೆಂಪು ರುಮಾಲು ದೂರಕ್ಕೂ ಕಾಣುತ್ತಿತ್ತು.

ಕೆಂಪವ್ವ ಎದೆ ಉಬ್ಬಿಸಿ ಹೊರಟಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಸೇತುವೆ ಮೆಲ್ಲಗೆ ತೂಗತೊಡಗಿತು. ನಡುಮಧ್ಯಕ್ಕೆ ಬಂದಾಗ ಅವಳು ಒಂದು ತಪ್ಪು ಮಾಡಿದಳು. ಸಂದಿನಲ್ಲಿ ಕೆಳಗೆ ನೋಡಿದಳು.

ಧೊಪ್ಪನೆ ಕೂತುಬಿಟ್ಟಳು.

ಲೀಡರ್ ಕೂತದ್ದೇ ತಡ, ಲಗಮವ್ವ ಕೂತಳು. ಅವಳ ಹಿಂದೆ ಯಲ್ಲಾರಿ ಕೂತ. ಹೀಗೆ ಒಬ್ಬರಾದ ಮೇಲೆ ಒಬ್ಬರು, ಇಡೀ ಐದನೇತ್ತಾ ಸೇತುವೆಯ ಮೇಲೆ ಸಾಲಾಗಿ ಕೂತುಬಿಟ್ಟಿತು.

“ಯಾಕ ಕುಂತ್ರಿ?” ಹಿಂದಿನಿಂದ ಮಾಸ್ತರರ ದನಿ ನಡುಗುತ್ತಾ ಬಂತು.

“ಲೀಡರ್ ಕುಂತಾಳ್ರಿ!”

“ಊಟದ ಟೈಮ್ ಆತಂತ ಕಾಣಸತೈತಿ,” ಎಂದು ಯಲ್ಲಾರಿ ರೊಟ್ಟಿಯ ಗಂಟು ಬಿಚ್ಚತೊಡಗಿದ.

ಕೆಂಪವ್ವ ಎರಡೂ ಕೈಯಿಂದ ಹಲಗೆ ಹಿಡಿದುಕೊಂಡಿದ್ದಳು. ‘ಏಳ, ಮಾಮಲೇದಾರಬಾಯಿ! ಕಚೇರಿಗೆ ಹೊತ್ತಾತು, ಏಳ!’ ಎಂದು ತನಗೆ ತಾನೇ ಬೈದುಕೊಂಡಳು. ಮಾಮಲೇದಾರಬಾಯಿ ಜಗ್ಗಲಿಲ್ಲ.

ಅಷ್ಟರಲ್ಲಿ ಈ ದಡದಲ್ಲಿದ್ದ ನೂಲಿನ ಗಿರಣಿಯ ಭೋಂಗಾ ಭೋಂ ಎಂದು ಕೂಗಿತು. ಆಚೆ ದಡದಿಂದ ಕೆಲಸಕ್ಕೆ ಹೊರಟ ಮಂದಿ ಬುತ್ತಿಯ ಗಂಟು ಹಿಡಿದು ಬಿರಬಿರನೆ ಬಂದರು. ನಿಂತವರ ಮಗ್ಗುಲಿಂದ ಹೇಗೋ ದಾಟಬಹುದು. ಕಾಲು ಚಾಚಿ ಕೂತ ಒಂದು ವರ್ಗದ ಮಕ್ಕಳನ್ನು ದಾಟುವುದು ಹೇಗೆ?

ಮುಂದೆ ಇದ್ದ ಕಾಡವ್ವ ಎಂಬ ಹೆಂಗಸು ಸೊಂಟದ ಮೇಲೆ ಕೈ ಇಟ್ಟಳು. “ಏನ ಕೂಸ, ಸೇತುವಿ ನಿಮ್ಮಪ್ಪಂದೇನ? ಭೋಂಗಾ ಆತು. ತಡಾ ಆದ್ರ ನಮ್ಮ ಪಗಾರ ಕಡೀತಾರ. ಏಳ!”

“ಕಾಲಾಗ... ಕಾಲಾಗ ಮುಳ್ಳ ಚುಚ್ಚೈತ್ರಿ.”

“ಸೇತುವಿ ಮ್ಯಾಲೆ ಮುಳ್ಳ? ಯಾವ ಜಾಲಿ ಗಿಡ ಬೆಳದೈತಿ ಇಲ್ಲಿ?”

ಹಿಂದಿದ್ದ ಮಂದಿ ನಕ್ಕರು. ಕೆಂಪವ್ವ ದಡದತ್ತ ನೋಡಿದಳು. ಕೆಂಪು ರುಮಾಲು ಅಲ್ಲಾಡದೆ ಅವಳನ್ನೇ ನೋಡುತ್ತಿತ್ತು. ಖರೆ ಹೇಳಿದರೆ ಸಾಲಿ ಹೋಯಿತು. ಹೇಳದಿದ್ದರೆ? ಮುಳ್ಳಿನ ಸುಳ್ಳನ್ನು ಯಾರೂ ನಂಬಿರಲಿಲ್ಲ, ಸಹಾಯಕ್ಕೆ ಯಾರೂ ಕೈ ಚಾಚುವಂತಿರಲಿಲ್ಲ. ಸೇತುವೆ ಮತ್ತೊಮ್ಮೆ ತೂಗಿತು.

“ನನಗ ಅಂಜಿಕಿ ಬಂದೈತಿ!” ಎಂದು ಕೆಂಪವ್ವ ಚೀರಿದಳು. “ಭಾಳ ಅಂಜಿಕಿ ಬಂದೈತ್ರಿ, ನನಗ ಏಳಾಕ ಆಗವಲ್ದು!”

ಕೂಗಿದ ಮೇಲೆ ಅವಳು ಹೆದರಿ ಆಕಾಶ ನೋಡಿದಳು. ಯಾರೂ ಅಸ್ತು ಅನ್ನಲಿಲ್ಲ. ನೀರಿನ ಸಪ್ಪಳ ಮಾತ್ರ ಕೇಳುತ್ತಿತ್ತು.

“ನನಗೂ,” ಅಂದಳು ಬೆನ್ನ ಹಿಂದಿನಿಂದ ಲಗಮವ್ವ.

“ನನಗೂ,” ಅಂದ ಯಲ್ಲಾರಿ. ಅವನ ಬಾಯ್ತುಂಬ ರೊಟ್ಟಿ ಇತ್ತು. ಈ ಸಲ ಅವನು ಮಾರ್ಕಿಗಾಗಿ ಹೇಳಿರಲಿಲ್ಲ.

‘ನನಗೂ, ನನಗೂ’ ಅನ್ನುತ್ತಾ ಮಾತು ಸಾಲಿನ ಕೊನೆಗೆ ಹೋಯಿತು. ಕೊನೆಯಲ್ಲಿ ಒಂದು ದೊಡ್ಡವರ ದನಿ ಸಣ್ಣಗೆ ಕೇಳಿಸಿತು. “ನನಗೂ.” ಅಲ್ಲಪ್ಪ ಮಾಸ್ತರರು ಎರಡೂ ಕೈಯಿಂದ ಹಗ್ಗ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು.

ಕಾಡವ್ವನ ಸಿಟ್ಟು ಇಳಿಯಿತು. “ಅಯ್ಯ, ಇದನ್ನ ಮೊದಲ ಹೇಳಬಾರ್ದ? ನಾನೂ ಮೊದಲ ದಿನ ಇಲ್ಲೇ ಕುಂತಿದ್ದೆ. ಗುಡಿ ಓಡಿ ಹೋಗೂದಿಲ್ಲ, ಹಿಂದಕ್ಕ ತಿರಗ್ರಿ ಎಲ್ಲಾರೂ. ನೀ ನನ್ನ ಕೈ ಹಿಡಕೊ. ಕೆಳಗ ನೋಡಬ್ಯಾಡ, ದೂರ ನೋಡ.”

ಎಲ್ಲರೂ ತಿರುಗಿದಾಗ ಹಿಂದಿದ್ದ ಮಾಸ್ತರರು ಮುಂದಾದರು, ಮುಂದಿದ್ದ ಲೀಡರ್ ಎಲ್ಲರಿಗಿಂತ ಹಿಂದಾದಳು. ಕಾಡವ್ವನ ಕೈ ಒರಟಾಗಿತ್ತು, ಬೆಚ್ಚಗಿತ್ತು. ಕೆಂಪವ್ವ ದೂರ ನೋಡಿದಳು. ನೀರು ಬೀಳುವಲ್ಲಿ ಹೊಗೆಯಂತೆ ತುಂತುರು ಏಳುತ್ತಿತ್ತು, ಅದರಲ್ಲಿ ಒಂದು ಸಣ್ಣ ಕಾಮನಬಿಲ್ಲು ಮೂಡಿತ್ತು. ಬರುವಾಗ ಎದೆ ಉಬ್ಬಿಸುವ ಗಡಿಬಿಡಿಯಲ್ಲಿ ಅವಳು ಅದನ್ನು ನೋಡಿಯೇ ಇರಲಿಲ್ಲ.

ದಡ ಮುಟ್ಟಿದ ಮೇಲೆ ಮಾಸ್ತರರು ಒಂದು ಕಲ್ಲಿನ ಮೇಲೆ ಕೂತು ಮುಖ ಒರೆಸಿಕೊಂಡರು. “ಟ್ರೇನಿಂಗಿನಾಗ ನಮಗೂ ಆ ಪರೀಕ್ಷಾ ಇಟ್ಟಿದ್ರು ಕೆಂಪವ್ವಾ. ‘ಹೆದರಿಕೆ ಇಲ್ಲ’ ಅಂತ ನಾನೂ ಬರದಿದ್ದೆ,” ಅಂದರು. ಅವರಿಗೇ ನಗು ತಡೆಯಲಾಗಲಿಲ್ಲ.

ಊಟವಾದ ಮೇಲೆ ಗಾಡಿಗಳು ಊರ ಕಡೆ ತಿರುಗಿದವು. ಹಿಂದೆ ಮಕ್ಕಳು ಹಾಡುತ್ತಿದ್ದರು. ಕೆಂಪವ್ವ ಮುಂದೆ, ಅಪ್ಪನ ಮಗ್ಗುಲಲ್ಲಿ ಕೂತಿದ್ದಳು.

“ಅಲ್ಲೆ ಸೇತುವಿ ನಡಬರಕ ಕುಂತ ಏನ ಒದರಿದಿ?” ಸತ್ತೆಪ್ಪ ಕೇಳಿದ. “ನೀರಿನ ಸಪ್ಪಳದಾಗ ನನಗ ಒಂದೂ ಕೇಳಲಿಲ್ಲ. ಕಾಲಾಗ ಮುಳ್ಳ ಚುಚ್ಚಿತ್ತಂತ ಯಲ್ಲಾರಿ ಹೇಳಿದ.”

ಕೆಂಪವ್ವ ಬೆರಗಾದಳು. ಅಪ್ಪನಿಗೆ ಕೇಳಿಸಿಯೇ ಇಲ್ಲ! ಮುಳ್ಳು ಎಂದು ಹೇಳಿದರೆ ಆಯಿತು. ಸಾಲಿ ಉಳಿಯುತ್ತದೆ, ಮಾಮಲೇದಾರಬಾಯಿಯ ಮರ್ಯಾದೆಯೂ ಉಳಿಯುತ್ತದೆ. ಅವಳು ಗಾಲಿ ಎಬ್ಬಿಸುವ ಧೂಳನ್ನೇ ನೋಡಿದಳು. ಇನ್ನೊಮ್ಮೆ ಸೇತುವೆಯ ನಡುವೆ ಕೂತ ಹಾಗೆ ಆಯಿತು.

“ಮುಳ್ಳ ಅಲ್ಲ, ಅಪ್ಪಾ. ನನಗ ಅಂಜಿಕಿ ಬಂದಿತ್ತು. ಪಾಟಿ ಮ್ಯಾಲೆ ನಾ ಬರದದ್ದೆಲ್ಲಾ ಸುಳ್ಳ. ಕತ್ತಲಂದ್ರೂ ಅಂಜಿಕಿ. ಸಿಟ್ಟೂ ಬರತೈತಿ.” ಅವಳು ಅಪ್ಪನತ್ತ ತಿರುಗಿದಳು. “ಈಗ ಸಾಲಿ ಬಿಡಸ್ತಿ?”

ಸತ್ತೆಪ್ಪ ಎತ್ತಿನ ಹಗ್ಗ ಸಡಿಲ ಬಿಟ್ಟ. “ನಾ ಯಾಕ ಸೇತುವಿ ಹತ್ತಲಿಲ್ಲ, ಗೊತ್ತೈತೇನ?”

“ಎತ್ತ ಕಾಯಾಕ.”

“ಗಿಡಕ್ಕ ಕಟ್ಟಿದ ಎತ್ತ ಎಲ್ಲಿ ಓಡಿ ಹೋಗತಾವು?” ಎಂದು ಅವನು ಮೀಸೆಯಲ್ಲೇ ನಕ್ಕ.

ಕೆಂಪವ್ವ ಬಾಯಿ ತೆರೆದು ಅಪ್ಪನನ್ನು ನೋಡಿದಳು. ತೋಳ ಬಂದರೆ ಕೋಲು ಹಿಡಿದು ಒಬ್ಬನೇ ಹೋಗುವ ಅಪ್ಪ!

“ಮತ್ತ ಏನೇನ ಅಂಜಿಕಿ ಅಪ್ಪಾ ನಿನಗ?”

“ನಿಮ್ಮ ಆಯಿ,” ಅಂದ ಸತ್ತೆಪ್ಪ. ಇಬ್ಬರೂ ನಕ್ಕರು.

“ಮತ್ತ?”

ಸತ್ತೆಪ್ಪ ರುಮಾಲು ಸರಿಮಾಡಿಕೊಂಡ. ಆಮೇಲೆ ಎತ್ತುಗಳಿಗೆ ಹೇಳುವವನಂತೆ ಮುಂದೆ ನೋಡುತ್ತಲೇ ಅಂದ. “ನೀ ಕಲ್ತ ಶ್ಯಾಣೇಕಿ ಆಗಿ ನಮ್ಮನ್ನ ಮರತಗಿರತ ಬಿಡ್ತಿ ಏನೋ ಅಂತ. ಅದಕ್ಕ ಐದನೇತ್ತಾ ಸಾಕು ಅಂದಿದ್ದೆ. ಮರೀತೀಯೇನ?”

‘ಇಲ್ಲ’ ಎಂಬ ಮಾತು ಕೆಂಪವ್ವನ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ಅವಳು ಅಲ್ಲೇ ತಡೆದಳು.

“ತಡಿಯಪ್ಪಾ,” ಅಂದಳು. “ವಿಚಾರ ಮಾಡಿ ಹೇಳತೀನಿ.”

ಸತ್ತೆಪ್ಪ ಕಣ್ಣರಳಿಸಿ ಮಗಳನ್ನು ನೋಡಿದ. ಆಮೇಲೆ ಎತ್ತುಗಳು ಕಿವಿ ನಿಮಿರಿಸುವಂತೆ ಗಟ್ಟಿಯಾಗಿ ನಕ್ಕುಬಿಟ್ಟ. “ಮಾಡ, ಮಾಡ! ಏಳನೇತ್ತಾ ಮುಗಿಯೂ ತನಕ ಟೈಮ್ ಐತಿ.”

ಕೆಂಪವ್ವ ಅಪ್ಪನಿಗೆ ಒತ್ತಿ ಕೂತಳು. ಗಾಡಿ ಗೋಕಾಕ ದಾಟುವವರೆಗೂ ಅವಳು ನಿಜವಾಗಿಯೂ ವಿಚಾರ ಮಾಡುತ್ತಿದ್ದಳು.